ಹಾಡಿಗೆಂದು ಬರೆದ ಮಾತು

ಶುಕ್ರವಾರ ರಾತ್ರಿ ಒಬ್ಬ ಡೈಡೋ ಸತ್ತಳು, ಶನಿವಾರ ರಾತ್ರಿ ಇನ್ನೊಬ್ಬಳು. ಇಬ್ಬರೂ ಹಾಡಿದ್ದು ಅದೇ ಸ್ವರ, ಅದೇ ಮಾತು. ಉಡುಪೂ ಅದೇ, ಶನಿವಾರದವಳಿಗೆ ತೋಳು ಸ್ವಲ್ಪ ಉದ್ದವಾಗಿತ್ತು. ಶುಕ್ರವಾರ ನಾನು ಚಪ್ಪಾಳೆ ತಟ್ಟಿ ಮನೆಗೆ ಬಂದು ಮಲಗಿದೆ. ಶನಿವಾರ ಮನೆಗೆ ಬಂದು, ಮುಗಿಯಿತೆಂದು ಎತ್ತಿಟ್ಟಿದ್ದ ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಮತ್ತೆ ತೆರೆದೆ. ಆ ಎರಡು ರಾತ್ರಿಗಳ ನಡುವೆ ಏನಾಯಿತು ಎಂದು ಹೇಳುವುದಕ್ಕೆ ಈ ಬರಹ.

ನಾನು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಕನ್ನಡದ ಗೀತನಾಟಕಗಳು. ಊರು ಸಣ್ಣದು. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ವಿಶ್ವವಿದ್ಯಾಲಯ. ಚಳಿಗಾಲದಲ್ಲಿ ಐದು ಗಂಟೆಗೆಲ್ಲ ಕತ್ತಲಾಗುತ್ತದೆ. ಕಾರಿಲ್ಲದವರು ಸಂಜೆ ಹೋಗಬಹುದಾದ ಜಾಗಗಳು ಎರಡೇ: ಒಂದು ಲೈಬ್ರರಿ, ಇನ್ನೊಂದು ಸಂಗೀತ ವಿಭಾಗದ ಸಭಾಂಗಣ. ವಿದ್ಯಾರ್ಥಿಗಳ ಆರ್ಕೆಸ್ಟ್ರಾ ಕಛೇರಿಗಳಿಗೆ ಟಿಕೆಟ್ಟಿಲ್ಲ. ಒಪೆರಾಗೆ ಇದೆ, ಆದರೆ ನಮ್ಮಂಥವರಿಗೆ ಕಡಿಮೆ ದರ. ಮೊದಲ ವರ್ಷ ನಾನು ಹೋಗುತ್ತಿದ್ದದ್ದು ಒಳಗೆ ಬೆಚ್ಚಗಿರುತ್ತದೆ ಎಂಬ ಕಾರಣಕ್ಕೆ. ಎರಡನೆಯ ವರ್ಷದ ಹೊತ್ತಿಗೆ ಅದು ಅಭ್ಯಾಸವಾಗಿತ್ತು.

ಅಲ್ಲಿ ಕೂರುವ ಜನರನ್ನು ನೋಡುವುದೇ ಒಂದು ಪಾಠ. ಮೂರ್ನಾಲ್ಕು ಗಂಟೆ ಕಾರು ಓಡಿಸಿಕೊಂಡು ಮಗಳ ಹಾಡು ಕೇಳಲು ಬಂದ ಅಪ್ಪ ಅಮ್ಮ ತೊಡೆಯ ಮೇಲೆ ಹೂವಿನ ಕಟ್ಟು ಇಟ್ಟುಕೊಂಡು ಕೂತಿರುತ್ತಾರೆ. ನಿವೃತ್ತ ಅಧ್ಯಾಪಕರೊಬ್ಬರು ಸ್ವರಲಿಪಿಯ ಪುಸ್ತಕ ಬಿಚ್ಚಿಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತಪ್ಪಾದಲ್ಲೆಲ್ಲ ತಲೆಯಾಡಿಸುತ್ತಾರೆ. ಹಿಂದಿನ ಸಾಲುಗಳಲ್ಲಿ, ಒಂದು ಕಛೇರಿ ಕೇಳಿ ಎರಡು ಪುಟ ಬರೆದು ತರಬೇಕು ಎಂಬ ಕಟ್ಟಳೆಗೆ ಸಿಕ್ಕಿಬಿದ್ದು ಬಂದ ಬೇರೆ ವಿಭಾಗದ ಹುಡುಗ ಹುಡುಗಿಯರು ಫೋನಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿಕೊಂಡಿರುತ್ತಾರೆ. ಸಾಗರದ ಕಡೆ ಮೇಳದ ಆಟಗಳನ್ನು ನೋಡಿ ಬೆಳೆದ ನನಗೆ ಈ ಸಭೆ ಅಪರಿಚಿತ ಅನ್ನಿಸಲಿಲ್ಲ. ಅಲ್ಲಿಯೂ ಪ್ರಸಂಗ ಬಾಯಿಪಾಠ ಬರುವ ಅಜ್ಜಂದಿರು ಇದ್ದರು, ನಿದ್ದೆ ಮಾಡುವ ಮಕ್ಕಳಿದ್ದರು, ನಮ್ಮ ಮನೆಯ ಹುಡುಗ ವೇಷ ಕಟ್ಟಿದ್ದಾನೆ ಎಂದೇ ಬಂದವರಿದ್ದರು.

ಕಲಿಯುವವರ ಒಪೆರಾ ಎಂದರೆ ದೊಡ್ಡವರ ಒಪೆರಾದ ಅಗ್ಗದ ನಕಲು ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಕನ್ಸರ್ವೇಟರಿ ಎಂಬ ಪದವೇ ಇಟಲಿಯ ಅನಾಥಾಲಯಗಳಿಂದ ಬಂದದ್ದು. ನೇಪಲ್ಸಿನ ಅಂಥ ಮನೆಗಳಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಕಾಪಾಡಿ, ಹೊಟ್ಟೆಪಾಡಿಗೆಂದು ಸಂಗೀತ ಕಲಿಸುತ್ತಿದ್ದರು. ವೆನಿಸ್ಸಿನ ಪಿಯೆಟಾ ಎಂಬ ಅನಾಥಾಲಯಕ್ಕೆ 1703ರಲ್ಲಿ ಪಿಟೀಲು ಮೇಷ್ಟರಾಗಿ ಸೇರಿದ ವಿವಾಲ್ಡಿ ತನ್ನ ಎಷ್ಟೋ ಕೃತಿಗಳನ್ನು ರಚಿಸಿದ್ದು ಅಲ್ಲಿನ ಹುಡುಗಿಯರ ಆರ್ಕೆಸ್ಟ್ರಾಕ್ಕಾಗಿ. ನಮ್ಮ ಕಾಲಕ್ಕೆ ಹತ್ತಿರ ಬಂದರೆ, ಕುರ್ಟ್ ವೈಲ್‌ನ ‘ಡೌನ್ ಇನ್ ದ ವ್ಯಾಲಿ’ ಎಂಬ ಜಾನಪದ ಒಪೆರಾ ಮೊದಲು ರಂಗ ಕಂಡದ್ದು 1948ರಲ್ಲಿ, ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ. ಇನ್ನು ಆ ವಾರ ನಾನು ನೋಡಲು ಹೋದ ಹೆನ್ರಿ ಪರ್ಸೆಲ್‌ನ ‘ಡೈಡೋ ಮತ್ತು ಈನಿಯಸ್’ ಕುರಿತು ನಮಗೆ ಸಿಗುವ ಮೊದಲ ಪ್ರದರ್ಶನದ ದಾಖಲೆಯೇ ಒಂದು ಶಾಲೆಯದು. ಲಂಡನ್ನಿನ ಹತ್ತಿರದ ಚೆಲ್ಸಿಯಲ್ಲಿ ಜೋಸಯಸ್ ಪ್ರೀಸ್ಟ್ ಎಂಬ ನೃತ್ಯದ ಮೇಷ್ಟರು ಒಂದು ಹೆಣ್ಣುಮಕ್ಕಳ ವಸತಿಶಾಲೆ ನಡೆಸುತ್ತಿದ್ದರು. 1689ರ ಹೊತ್ತಿಗೆ ಅಲ್ಲಿನ ಹುಡುಗಿಯರು ಇದನ್ನು ಆಡಿದ್ದರು. ಅದಕ್ಕೂ ಮೊದಲು ಅರಮನೆಯಲ್ಲಿ ಆಡಿದ್ದಿರಬಹುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಆದರೆ ಕೈಗೆ ಸಿಗುವ ಸಾಕ್ಷಿ ಶಾಲೆಯದ್ದೇ.

ಕತೆ ವರ್ಜಿಲ್ ಕವಿಯ ‘ಈನೀಡ್’ ಮಹಾಕಾವ್ಯದ ನಾಲ್ಕನೆಯ ಸರ್ಗದ್ದು. ಟ್ರಾಯ್ ಸುಟ್ಟುಹೋದ ಮೇಲೆ ಹಡಗು ಹತ್ತಿದ ಈನಿಯಸ್ ಕಾರ್ಥೇಜಿಗೆ ಬರುತ್ತಾನೆ. ಅಲ್ಲಿನ ರಾಣಿ ಡೈಡೋಗೂ ಅವನಿಗೂ ಪ್ರೀತಿಯಾಗುತ್ತದೆ. ಆದರೆ ಅವನು ಇಟಲಿಗೆ ಹೋಗಬೇಕು, ಮುಂದೆ ರೋಮ್ ಆಗಲಿರುವುದಕ್ಕೆ ಬೀಜ ಹಾಕಬೇಕು, ಅದು ದೈವಾಜ್ಞೆ. ಅವನು ಹೊರಡುತ್ತಾನೆ, ಅವಳು ಸಾಯುತ್ತಾಳೆ. ಪರ್ಸೆಲ್‌ಗೆ ಇದನ್ನು ಒಂದು ಗಂಟೆಯ ಒಪೆರಾಕ್ಕೆ ತಕ್ಕಂತೆ ಬರೆದುಕೊಟ್ಟವನು ನಹೂಮ್ ಟೇಟ್ ಎಂಬ ಕವಿ. ಅವನು ಮಾಟಗಾತಿಯರನ್ನು ಸೇರಿಸಿದ, ದೈವಾಜ್ಞೆಯನ್ನೇ ಮಾಟಗಾತಿಯ ಮೋಸವನ್ನಾಗಿ ಮಾಡಿದ, ನಾವಿಕರಿಗೆ ಒಂದು ಕುಣಿತದ ಹಾಡು ಕೊಟ್ಟ. ಮಾತನ್ನು ಮಾತ್ರ ವಿಪರೀತ ಕಡಿಮೆ ಮಾಡಿದ. ವರ್ಜಿಲ್‌ನ ಡೈಡೋ ವಾದಿಸುತ್ತಾಳೆ, ಹಂಗಿಸುತ್ತಾಳೆ, ಕೊನೆಗೆ ಈನಿಯಸ್‌ನ ವಂಶಕ್ಕೂ ತನ್ನವರಿಗೂ ಎಂದೂ ಸ್ನೇಹ ಬೇಡ ಎಂದು ಶಾಪ ಹಾಕುತ್ತಾಳೆ. ಟೇಟ್‌ನ ಡೈಡೋ ಕೊನೆಯಲ್ಲಿ ಹಾಡುವುದು ಬಿಡಿಸಿ ಬರೆದರೆ ನಾಲ್ಕು ಸಾಲು. ಗೆಳತಿಯ ಮಡಿಲಲ್ಲಿ ಒರಗಿ ಅವಳು ಕೇಳುವುದು ಇಷ್ಟೆ: ನನ್ನನ್ನು ನೆನೆ, ನನಗೆ ಆದದ್ದನ್ನು ಮರೆ.

ಈ ಸಾಲುಗಳನ್ನು ನಾನು ಮೊದಲು ಪುಸ್ತಕದಲ್ಲಿ ಓದಿದ್ದೆ. ಅಂಚಿನಲ್ಲಿ ಪೆನ್ಸಿಲಿನಿಂದ ‘ಸಪ್ಪೆ’ ಎಂದು ಗುರುತು ಹಾಕಿದ್ದೆ. ಒಬ್ಬಳನ್ನು ನೆನೆಯಬೇಕು, ಆದರೆ ಅವಳಿಗೆ ಆದದ್ದನ್ನು ಮರೆಯಬೇಕು ಎಂದರೆ ಹೇಗೆ? ಓದಿದವರಿಗೆ ಅದು ಯೋಚನೆ ಮಾಡದೆ ಬರೆದ ವಿರೋಧದಂತೆ ಕಾಣುತ್ತದೆ. ಪದಗಳೂ ಸಾಮಾನ್ಯ, ಅವೂ ಮತ್ತೆ ಮತ್ತೆ ಬರುತ್ತವೆ.

ಪರ್ಸೆಲ್ ಈ ಸಾಲುಗಳ ಕೆಳಗೆ ಇಟ್ಟದ್ದು ಗ್ರೌಂಡ್ ಬಾಸ್ ಎಂಬ ಕಟ್ಟು. ಕೆಳಗಿನ ವಾದ್ಯಗಳು ಒಂದೇ ಸ್ವರಮಾಲೆಯನ್ನು ಬಿಡದೆ ತಿರುಗಿಸುತ್ತಿರುತ್ತವೆ, ಮೇಲೆ ಹಾಡು ತನ್ನ ದಾರಿ ಹಿಡಿಯುತ್ತದೆ. ಇಲ್ಲಿ ಆ ಮಾಲೆ ಐದು ಅಳತೆಗಳದ್ದು. ಅರ್ಧರ್ಧ ಸ್ವರವಾಗಿ, ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತದೆ, ಮುಗಿದ ಕೂಡಲೇ ಮತ್ತೆ ಮೊದಲಿಂದ. ಒಟ್ಟು 11 ಸಲ. ಹಾಡಿನ ಸಾಲುಗಳು ಆ ಮಾಲೆಯ ತುದಿಗೆ ಸರಿಯಾಗಿ ಮುಗಿಯುವುದಿಲ್ಲ. ಕೆಳಗೆ ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವಾಗ ಮೇಲೆ ಅವಳ ಮಾತು ಇನ್ನೂ ಅರ್ಧದಲ್ಲಿರುತ್ತದೆ. ಸಾವು ಲೆಕ್ಕದ ಪ್ರಕಾರ ಬರುತ್ತಿದೆ, ಅವಳ ಮಾತು ಆ ಲೆಕ್ಕಕ್ಕೆ ಹೊಂದುತ್ತಿಲ್ಲ. ನೆನೆ ಎಂಬ ಮಾತು ಮೊದಲು ಬರುವುದು ಒಂದೇ ಸ್ವರದ ಮೇಲೆ, ಬಾಗಿಲು ತಟ್ಟಿದ ಹಾಗೆ. ಕೊನೆಗೆ ಅದೇ ಮಾತು ಮೇಲಿನ ಸ್ವರಕ್ಕೆ ಏರುತ್ತದೆ. ಅವಳು ಸುಮ್ಮನಾದ ಮೇಲೂ ತಂತಿವಾದ್ಯಗಳು ಅದೇ ಇಳಿಜಾರಿನಲ್ಲಿ ಇಳಿಯುತ್ತಲೇ ಹೋಗುತ್ತವೆ.

ಇದೆಲ್ಲ ನನಗೆ ಧ್ವನಿಮುದ್ರಿಕೆಗಳಿಂದ ಗೊತ್ತಿತ್ತು. ಗೊತ್ತಿದ್ದೂ ‘ಸಪ್ಪೆ’ ಎಂಬ ಟಿಪ್ಪಣಿಯನ್ನು ನಾನು ಅಳಿಸಿರಲಿಲ್ಲ. ಮಾತು ಬಡವಾಗಿದೆ, ಸಂಗೀತ ಅದನ್ನು ಉಳಿಸಿದೆ ಎಂಬುದು ನನ್ನ ತೀರ್ಮಾನವಾಗಿತ್ತು. ದೊಡ್ಡ ಗಾಯಕಿಯರ ಮುದ್ರಿಕೆ ಕೇಳುವಾಗ ಹಾಗೆ ಅನ್ನಿಸುವುದು ಸಹಜ. ಅಲ್ಲಿ ಎಲ್ಲವೂ ತೀರ್ಮಾನವಾಗಿ ಮುಗಿದಿರುತ್ತದೆ; ಎಲ್ಲಿ ಉಸಿರು ತೆಗೆದುಕೊಂಡರು ಎಂಬುದೂ ಕೇಳಿಸುವುದಿಲ್ಲ. ಮಾತಿಗೂ ಸ್ವರಕ್ಕೂ ನಡುವೆ ಇರುವ ಬೆಸುಗೆ ಎಷ್ಟು ನುಣುಪಾಗಿರುತ್ತದೆ ಎಂದರೆ ಬೆಸುಗೆ ಇದೆ ಎಂಬುದೇ ಮರೆತುಹೋಗುತ್ತದೆ.

ವಿಶ್ವವಿದ್ಯಾಲಯದ ಒಪೆರಾಗಳಲ್ಲಿ ಸಾಮಾನ್ಯವಾಗಿ ಎರಡು ತಂಡ ಇರುತ್ತವೆ. ಪಾತ್ರ ಬೇಕಾದವರು ಹೆಚ್ಚು, ಎಳೆಯ ಗಂಟಲುಗಳಿಗೆ ದಿನ ಬಿಟ್ಟು ದಿನ ವಿಶ್ರಾಂತಿಯೂ ಬೇಕು. ಶುಕ್ರವಾರದ ಡೈಡೋ ಒಳ್ಳೆಯ ಕಂಠದವಳು. ಎದೆತುಂಬ ದನಿ, ಸಭಾಂಗಣದ ಕೊನೆಯ ಸಾಲಿಗೂ ತಲುಪುವಂಥದ್ದು. ಆದರೆ ಕೊನೆಯ ಹಾಡಿನಲ್ಲಿ ಅವಳಿಗೆ ಉಸಿರು ಸಾಲದಾಯಿತು. ಮೇಲಿನ ಸ್ವರಕ್ಕೆ ಏರುವ ಮೊದಲು, ನೆನೆ ಎಂಬುದಕ್ಕೂ ನನ್ನನ್ನು ಎಂಬುದಕ್ಕೂ ನಡುವೆ, ಚಿಕ್ಕದಾಗಿ ಉಸಿರೆಳೆದುಕೊಂಡಳು. ಮಾತು ಎರಡು ತುಂಡಾಯಿತು. ಮುಂದಿನ ಸಾಲಿನ ನಿವೃತ್ತ ಮೇಷ್ಟರು ತಲೆಯಾಡಿಸಿದರು. ಆ ತುಂಡಾದ ಮಾತು ಬೇಡಿಕೆಯಂತೆ, ಅಳುವಿನ ನಡುವೆ ಬಿಕ್ಕಳಿಸಿದಂತೆ ಕೇಳಿಸಿತು. ಪಕ್ಕದಲ್ಲಿ ಯಾರೋ ಕಣ್ಣೊರೆಸಿಕೊಂಡರು. ನನಗೂ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಷ್ಟೇ.

ಶನಿವಾರದವಳ ದನಿ ಸಣ್ಣದು, ನಡುವೆ ಒಂದೆರಡು ಕಡೆ ಸ್ವರ ಸ್ವಲ್ಪ ಇಳಿದೂ ಇತ್ತು. ಆದರೆ ಅವಳು ಆ ಮಾತನ್ನು ತುಂಡು ಮಾಡಲಿಲ್ಲ. ಒಂದೇ ಸ್ವರದ ಮೇಲಿನ ಮೊದಲ ಕರೆಯನ್ನು ಕಂಪನವಿಲ್ಲದೆ, ಬಹುತೇಕ ಮಾತಿನಂತೆ, ನೇರವಾಗಿ ಹೇಳಿದಳು. ಗೆಳತಿಯ ಕಡೆ ನೋಡಲಿಲ್ಲ. ಈನಿಯಸ್ ಹೊರಟುಹೋದ ಬಾಗಿಲಿನ ಕಡೆಗೂ ನೋಡಲಿಲ್ಲ. ನಮ್ಮ ಕಡೆ ನೋಡಿದಳು. ಎರಡನೆಯ ಸಲ ಮೇಲಿನ ಸ್ವರಕ್ಕೆ ಏರಿದಾಗ ಅದು ಬೇಡಿಕೆಯಾಗಿ ಉಳಿದಿರಲಿಲ್ಲ, ಆಜ್ಞೆಯಾಗಿತ್ತು. ರಾಣಿಯೊಬ್ಬಳು ಸಾಯುವ ಮೊದಲು ಕೊಡುವ ಕೊನೆಯ ಆಜ್ಞೆ. ನೆನೆಯಿರಿ, ಆದರೆ ಒಬ್ಬ ಗಂಡಸು ಬಿಟ್ಟುಹೋದದ್ದರಿಂದ ಸತ್ತವಳು ಎಂದು ನನ್ನನ್ನು ನೆನೆಯಬೇಡಿ. ಪುಸ್ತಕದಲ್ಲಿ ವಿರೋಧದಂತೆ ಕಂಡ ಮಾತು ಆ ಕ್ಷಣದಲ್ಲಿ ಬಿಡಿಸಿಕೊಂಡಿತು. ಟೇಟ್ ಕತ್ತರಿಸಿ ಹಾಕಿದ್ದ ವರ್ಜಿಲ್‌ನ ಡೈಡೋಳ ಸಿಟ್ಟು, ಒಂದೂ ಪದ ಹೆಚ್ಚಾಗದೆ, ಆ ಹುಡುಗಿಯ ಉಸಿರಿನ ಮೂಲಕ ವಾಪಸ್ಸು ಬಂದಿತ್ತು.

ಶನಿವಾರದವಳು ಶುಕ್ರವಾರದವಳಿಗಿಂತ ದೊಡ್ಡ ಗಾಯಕಿ ಅಲ್ಲ. ಬಹುಶಃ ಮುಂದೆ ಹೆಸರು ಮಾಡುವವಳು ಶುಕ್ರವಾರದವಳೇ. ನನಗೆ ಮುಖ್ಯವಾದದ್ದು ಬೇರೆ. ಮಾತು ತೆಳುವಾಗಿದ್ದದ್ದರಿಂದಲೇ ಅದರೊಳಗೆ ಎರಡು ಡೈಡೋಗಳಿಗೆ ಜಾಗವಿತ್ತು. ಟೇಟ್ ಸಿಟ್ಟನ್ನು ಪದಗಳಲ್ಲಿ ತುಂಬಿಬಿಟ್ಟಿದ್ದರೆ ಶುಕ್ರವಾರದ ಬೇಡಿಕೆ ಸಾಧ್ಯವಾಗುತ್ತಿರಲಿಲ್ಲ. ದುಃಖವನ್ನು ತುಂಬಿದ್ದರೆ ಶನಿವಾರದ ಆಜ್ಞೆ ಸಾಧ್ಯವಾಗುತ್ತಿರಲಿಲ್ಲ. ನಾನು ಬಡತನ ಎಂದು ಗುರುತು ಹಾಕಿದ್ದು, ಬರೆದವನು ಬೇಕೆಂದೇ ಬಿಟ್ಟ ಜಾಗವಾಗಿತ್ತು.

ಇದಾದ ಎರಡು ವಾರಕ್ಕೆ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ದ್ವೊರಾಕ್‌ನ ಒಂಬತ್ತನೆಯ ಸಿಂಫನಿ ನುಡಿಸಿತು. 1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಕೇಳಿಸಿದ, ‘ಹೊಸ ಲೋಕದಿಂದ’ ಎಂಬ ಹೆಸರಿನ ಕೃತಿ. ನಾನು ಪಾಠ ಮಾಡುವ ಬರವಣಿಗೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಾಲೀಮು ಇದೆ ಎಂದು ಎರಡು ಸಲ ಪ್ರಬಂಧಕ್ಕೆ ಗಡುವು ಕೇಳಿದ್ದ. ನುಡಿಸುವುದು ಟ್ಯೂಬಾ, ಮಡಿಲಲ್ಲಿ ಮಗುವಿನಂತೆ ಎತ್ತಿಕೊಳ್ಳಬೇಕಾದ ದೊಡ್ಡ ಹಿತ್ತಾಳೆ ವಾದ್ಯ. ಅಷ್ಟೊಂದು ತಾಲೀಮು ಮಾಡಿದವನು ಎಷ್ಟು ನುಡಿಸುತ್ತಾನೋ ನೋಡೋಣ ಎಂದು ಮೇಲಿನ ಬಾಲ್ಕನಿಯಲ್ಲಿ ಕೂತೆ. ಮೊದಲ ಭಾಗದುದ್ದಕ್ಕೂ ಅವನು ಸುಮ್ಮನೆ ಕೂತಿದ್ದ. ಎರಡನೆಯ ಭಾಗದ ಶುರುವಿಗೆ, ಗಾಳಿವಾದ್ಯಗಳು ಒಟ್ಟಾಗಿ ಮೆಲ್ಲನೆ ಏಳುವ ಕೆಲವು ಸ್ವರಗಳಲ್ಲಿ ಅವನದೂ ಸೇರಿತು. ಮತ್ತೆ ಸುಮ್ಮನೆ. ಆ ಭಾಗ ಮುಗಿಯುವಾಗ ಇನ್ನೊಮ್ಮೆ ಕೆಲವು ಸ್ವರ. ಮೂರನೆಯ, ನಾಲ್ಕನೆಯ ಭಾಗಗಳಲ್ಲಿ ಅವನಿಗೆ ಕೆಲಸವೇ ಇಲ್ಲ. ಮುಕ್ಕಾಲು ಗಂಟೆಯ ಸಿಂಫನಿಯಲ್ಲಿ ಅವನ ಪಾಲು ಅಷ್ಟೇ. ಝಲ್ಲರಿಯವನದೂ ಹಾಗೆಯೇ, ಕೊನೆಯ ಭಾಗದಲ್ಲಿ ಒಂದೇ ಒಂದು ಸಲ, ಅದೂ ಮೆತ್ತಗೆ.

ಮರುವಾರ ಪ್ರಬಂಧ ಕೊಡಲು ಬಂದಾಗ ಅವನು ತನ್ನ ಹಾಳೆಯನ್ನು ತೋರಿಸಿದ. ಆರ್ಕೆಸ್ಟ್ರಾದಲ್ಲಿ ಒಬ್ಬೊಬ್ಬ ವಾದಕನ ಮುಂದೆಯೂ ಇರುವುದು ಅವನವನ ಪಾಲಿನ ಸ್ವರ ಮಾತ್ರ. ಎಲ್ಲರದ್ದೂ ಒಟ್ಟಾಗಿ ಇರುವ ಪುಸ್ತಕ ಇರುವುದು ಕಂಡಕ್ಟರ್ ಮುಂದೆ. ಅವನ ಹಾಳೆಯಲ್ಲಿ ಹೆಚ್ಚಾಗಿ ಇದ್ದದ್ದು ಇಷ್ಟು ಅಳತೆ ಸುಮ್ಮನಿರು, ಅಷ್ಟು ಅಳತೆ ಸುಮ್ಮನಿರು ಎಂಬ ಗುರುತುಗಳು. “ಇಷ್ಟಕ್ಕೆ ಅಷ್ಟು ತಾಲೀಮಾ?” ಎಂದೆ. “ಎಣಿಸುವುದೇ ಕಷ್ಟ,” ಎಂದ ಅವನು. “ನಾನು ಮೊದಲ ಸ್ವರ ಊದುವ ಹೊತ್ತಿಗೆ ಉಳಿದವರೆಲ್ಲ ಬಿಸಿಯಾಗಿರುತ್ತಾರೆ. ನನ್ನ ವಾದ್ಯ ತಣ್ಣಗಿರುತ್ತದೆ, ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ. ನಾನು ಇಳಿದರೆ ಮೇಲಿರುವವರೆಲ್ಲ ಸುಳ್ಳಾಗುತ್ತಾರೆ.”

ಆ ಹಾಳೆಯನ್ನು ಯಾರಾದರೂ ಒಂದು ಕೃತಿ ಎಂದು ಓದಿ ವಿಮರ್ಶೆ ಬರೆದರೆ ಏನು ಬರೆದಾರು? ಕಲ್ಪನೆ ಬಡವಾಗಿದೆ, ಬೆಳವಣಿಗೆಯಿಲ್ಲ, ಖಾಲಿ ಹೆಚ್ಚು. ನಗು ಬರುವ ಮಾತು. ಆದರೆ ನನ್ನ ಅಧ್ಯಾಯದಲ್ಲಿ ನಾನು ಪು.ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ಕ್ಕೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಆ ಅಧ್ಯಾಯದ ಕೆಲವು ವಾಕ್ಯಗಳನ್ನು ಇಲ್ಲಿ ಒಪ್ಪಿಕೊಳ್ಳುವುದು ಮೇಲು. ನಾಟಕೀಯ ಸಂಘರ್ಷ ಕಡಿಮೆ ಎಂದು ಬರೆದಿದ್ದೆ. ಪುನರುಕ್ತಿ ಹೆಚ್ಚು ಎಂದು ಬರೆದಿದ್ದೆ. ಅದೇ ಕವಿಯ ಬಿಡಿ ಕವಿತೆಗಳಲ್ಲಿ ಕಾಣುವ ಗಟ್ಟಿತನ ಗೀತನಾಟಕದಲ್ಲಿ ಕಾಣುವುದಿಲ್ಲ ಎಂದು, ಅದನ್ನು ದೊಡ್ಡ ಶೋಧವೆಂಬಂತೆ, ಅಧ್ಯಾಯದ ಕೊನೆಗೆ ಇಟ್ಟಿದ್ದೆ. ಈ ತೀರ್ಪುಗಳನ್ನು ಕೊಡುವಾಗ ನನ್ನ ಮುಂದೆ ಇದ್ದದ್ದು ಪುಸ್ತಕ ಮಾತ್ರ. ಪು.ತಿ.ನ. ಸಂಗೀತ ಬಲ್ಲವರು, ಹೊಸ ರಾಗಗಳನ್ನು ಕಲ್ಪಿಸಿಕೊಂಡವರು ಎಂಬುದು ನನಗೆ ಗೊತ್ತಿತ್ತು. ಅದನ್ನು ಕವಿಪರಿಚಯದ ಪ್ಯಾರಾದಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ವಿಮರ್ಶೆಯೊಳಕ್ಕೆ ಆ ಸಂಗತಿ ಬಂದಿರಲೇ ಇಲ್ಲ.

ಆಶ್ಚರ್ಯವೆಂದರೆ ಈ ತಪ್ಪನ್ನು ನಾವು ಯಕ್ಷಗಾನದ ವಿಷಯದಲ್ಲಿ ಮಾಡುವುದಿಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು. ಅವುಗಳಿಗೆ ಭಾಗವತರು ದನಿ ಕೊಡಬೇಕು, ವೇಷಧಾರಿ ಅರ್ಥ ಹೇಳಬೇಕು, ಚೆಂಡೆ ಮದ್ದಳೆ ಕೂಡಬೇಕು. ಒಂದೇ ಪದ್ಯಕ್ಕೆ ಒಬ್ಬ ಅರ್ಥಧಾರಿ ಐದು ನಿಮಿಷ ಮಾತಾಡಿದರೆ ಇನ್ನೊಬ್ಬ ಅರ್ಧ ಗಂಟೆ ಮಾತಾಡಿಯಾನು. ಪ್ರಸಂಗದ ಪದ್ಯವನ್ನು ಮಾತ್ರ ಓದಿ ಇದು ಬಡ ಕಾವ್ಯ ಎಂದು ತೀರ್ಪು ಕೊಟ್ಟವನನ್ನು ನಮ್ಮೂರಿನಲ್ಲಿ ಯಾರೂ ವಿಮರ್ಶಕ ಎನ್ನುವುದಿಲ್ಲ. ಆಟ ನೋಡದವನು ಎನ್ನುತ್ತಾರೆ. ಆದರೆ ಗೀತನಾಟಕ ನಮ್ಮ ಕೈಗೆ ಬಂದದ್ದು ನವೋದಯದ ಕವಿಯ ಹೆಸರು ಹೊತ್ತ ಪುಸ್ತಕವಾಗಿ, ಗ್ರಂಥಾಲಯದ ಕಾವ್ಯದ ಕಪಾಟಿನಿಂದ. ಕಪಾಟು ಯಾವುದೋ ಓದುವ ಕ್ರಮವೂ ಅದೇ ಆಯಿತು. ಪ್ರಸಂಗಕ್ಕೆ ಕೊಟ್ಟ ರಿಯಾಯಿತಿಯನ್ನು ನಾವು ಅದಕ್ಕೆ ಕೊಡಲಿಲ್ಲ. ಅದು ರಿಯಾಯಿತಿಯೂ ಅಲ್ಲ, ನ್ಯಾಯ.

ಡೈಡೋ ನೋಡಿ ಬಂದು ‘ಗೋಕುಲ ನಿರ್ಗಮನ’ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಎರಡರ ಕತೆಯೂ ಒಂದೇ ಎಂಬುದು. ಎರಡೂ ಹೊರಡುವವನ ಕತೆಗಳು. ಈನಿಯಸ್‌ಗೆ ರೋಮ್ ಕಾದಿದೆ, ಕೃಷ್ಣನಿಗೆ ಮಥುರೆ. ಎರಡು ಕಡೆಯೂ ಹೊರಡಬೇಕಾದ ಕಾರಣ ದೊಡ್ಡದು, ಪ್ರಶ್ನಿಸಲಾಗದ್ದು. ಎರಡು ಕಡೆಯೂ ಪ್ರೇಕ್ಷಕರಿಗೆ ಕೊನೆ ಮೊದಲೇ ಗೊತ್ತು. ಅಕ್ರೂರನ ರಥ ಬಂತು ಎಂದರೆ ಕೃಷ್ಣ ಉಳಿಯುವುದಿಲ್ಲ ಎಂದು ತಿಳಿಯದವರು ಯಾರು? ಹಾಗಿದ್ದ ಮೇಲೆ ಸಂಘರ್ಷ ಕಡಿಮೆ ಎಂಬ ನನ್ನ ಆಕ್ಷೇಪಕ್ಕೆ ಅರ್ಥವೇನು? ಹೊರಡುತ್ತಾನೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಹೊರಟಾದ ಮೇಲೆ ಉಳಿದವರು ಎಷ್ಟು ಹೊತ್ತು, ಯಾವ ದನಿಯಲ್ಲಿ, ಹೇಗೆ ಉಳಿಯುತ್ತಾರೆ ಎಂಬುದು ಪ್ರಶ್ನೆ. ಕಾಲಾವಧಿ ಮತ್ತು ದನಿಯ ಪ್ರಶ್ನೆಗೆ ಪುಟದ ಮೇಲಿನ ಅಕ್ಷರ ಉತ್ತರ ಕೊಡಲಾರದು. ಹಾಡುವವರು ಕೊಡಬೇಕು. ಪುನರುಕ್ತಿ ಎಂದು ನಾನು ಗೀಟು ಹಾಕಿದ್ದ ಕಡೆಗಳಲ್ಲಿ ಈಗ ಬೇರೆ ಪ್ರಶ್ನೆ ಬರೆದಿದ್ದೇನೆ: ಎರಡನೆಯ ಸಲ ಈ ಮಾತು ಯಾವ ಸ್ವರದಲ್ಲಿ ಬರುತ್ತದೆ? ಆಗಲೂ ಅದು ಅದೇ ಮಾತಾಗಿರುತ್ತದೆಯೇ?

ಇಲ್ಲಿ ಒಂದು ಅಪಾಯವಿದೆ. ತೆಳುವಾದದ್ದನ್ನೆಲ್ಲ ಬೇಕೆಂದೇ ಬಿಟ್ಟ ಜಾಗ ಎಂದು ಸಮರ್ಥಿಸುತ್ತ ಹೋದರೆ ವಿಮರ್ಶೆ ಮುಗಿದಂತೆ. ಕೆಟ್ಟ ಒಪೆರಾಗಳಿವೆ, ಕೆಟ್ಟ ಗೀತನಾಟಕಗಳೂ ಇವೆ. ಸುಮ್ಮನೆ ಬಡವಾದ ಮಾತಿಗೂ ಹಾಡಿಗೆಂದು ಬಡವಾಗಿಸಿದ ಮಾತಿಗೂ ವ್ಯತ್ಯಾಸ ಕಾಣುವುದು ಹೇಗೆ? ನನಗೆ ಈವರೆಗೆ ಹೊಳೆದಿರುವ ಪರೀಕ್ಷೆ ಒಂದೇ. ಇಬ್ಬರು ಹಾಡುಗಾರರು ಅದೇ ಸಾಲನ್ನು ಎರಡು ಅರ್ಥ ಬರುವಂತೆ ಹಾಡಬಲ್ಲರೇ, ಆ ಎರಡೂ ಅರ್ಥ ಕತೆಗೆ ಒಪ್ಪುತ್ತವೆಯೇ? ಒಪ್ಪಿದರೆ ಅದು ಬಿಟ್ಟ ಜಾಗ. ಯಾರು ಹಾಡಿದರೂ ಒಂದೇ ಅರ್ಥ ಬಂದರೆ, ಅಥವಾ ಯಾವ ಅರ್ಥವೂ ಬರದಿದ್ದರೆ, ಅದು ನಿಜಕ್ಕೂ ಸಪ್ಪೆ. ಈ ಪರೀಕ್ಷೆಯನ್ನು ಓದುವ ಮೇಜಿನ ಮೇಲೆ ಮಾಡಲಾಗುವುದಿಲ್ಲ. ಕನಿಷ್ಠ ಇಬ್ಬರು ಹಾಡುವವರು ಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಫ್ರಾನ್ಸಿನ ಕ್ಯಾಥರೀನ್ ಕ್ಲೆಮಾಂ 1979ರಲ್ಲಿ ಒಪೆರಾ ಮತ್ತು ಹೆಂಗಸರ ಸೋಲಿನ ಕುರಿತು ಒಂದು ಪುಸ್ತಕ ಬರೆದರು. ಒಪೆರಾದ ಕತೆಗಳಲ್ಲಿ ಹೆಂಗಸರು ಒಬ್ಬರಾದ ಮೇಲೊಬ್ಬರು ಸಾಯುತ್ತಾರೆ, ಸಂಗೀತ ಎಷ್ಟು ಚೆನ್ನಾಗಿರುತ್ತದೆ ಎಂದರೆ ನಾವು ಆ ಸಾವುಗಳನ್ನು ಅನುಭವಿಸಿ ಆನಂದಪಡುತ್ತೇವೆ ಎಂಬುದು ಅವರ ವಾದ. ಚೆಲ್ಸಿಯ ಹುಡುಗಿಯರಿಗೂ ಆ ಒಪೆರಾವನ್ನು ಎಚ್ಚರಿಕೆಯ ಪಾಠವಾಗಿ ಆಡಿಸಿದ್ದಿರಬಹುದು ಎನ್ನುವವರಿದ್ದಾರೆ: ಗಂಡಸಿನ ಮಾತು ನಂಬಿದರೆ ಹೀಗಾಗುತ್ತದೆ. ಶುಕ್ರವಾರ ನಾನು ಪಾಪ ಎಂದುಕೊಂಡು ನೆಮ್ಮದಿಯಾಗಿ ಮಲಗಿದ್ದು ಕ್ಲೆಮಾಂ ಹೇಳಿದ್ದಕ್ಕೆ ಸರಿಯಾದ ಉದಾಹರಣೆ. ಸಂಗೀತ ನನ್ನನ್ನು ಸಮಾಧಾನ ಮಾಡಿತ್ತು. ಶನಿವಾರ ಆ ಸಮಾಧಾನವನ್ನು ಕಿತ್ತುಕೊಂಡದ್ದೂ ಅದೇ ಸಂಗೀತ. ಹಾಗಾಗಿ ಕ್ಲೆಮಾಂ ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕತೆ ಡೈಡೋಳನ್ನು ಸೋಲಿಸುತ್ತದೆ, ನಿಜ. ಆದರೆ ಅವಳು ಸೋತವಳಂತೆ ಹಾಡಬೇಕೋ ಬೇಡವೋ ಎಂಬುದನ್ನು ಕತೆ ತೀರ್ಮಾನಿಸುವುದಿಲ್ಲ. ಗೋಕುಲದಲ್ಲಿ ಉಳಿದವರ ಹಾಡಿಗೂ ಇದೇ ಪ್ರಶ್ನೆ ಕೇಳಬೇಕು. ಅದು ವಿರಹವೋ, ಭಕ್ತಿಯೋ, ಆರೋಪವೋ? ನಾವು ವಿರಹ, ಭಕ್ತಿ ಎಂದೇ ಓದುತ್ತ ಬಂದಿದ್ದೇವೆ. ಆರೋಪವಾಗಿ ಹಾಡಿದರೆ ಹೇಗಿರುತ್ತದೆ ಎಂದು ನಾನಂತೂ ಕೇಳಿಲ್ಲ.

ಕೇಳುವುದೆಲ್ಲಿ? ಬಿ.ವಿ. ಕಾರಂತರು ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದದ್ದನ್ನು ನೋಡಿದವರು ಇಂದಿಗೂ ಅದರ ಹಾಡುಗಳನ್ನು ನೆನೆಯುತ್ತಾರೆ. ಶಿವರಾಮ ಕಾರಂತರು ತಮ್ಮ ಗೀತನಾಟಕಗಳನ್ನು ತಾವೇ ಆಡಿಸಿ ಪ್ರಯೋಗ ಮಾಡಿದರು. ಅವು ದೊಡ್ಡವರು ಮಾಡಿದ ದೊಡ್ಡ ಪ್ರಯೋಗಗಳು, ಅವುಗಳ ನೆನಪು ಮುದ್ರಿಕೆಯಂತೆಯೇ ಮುಗಿದ ರೂಪದ್ದು. ನನಗೆ ಬೇಕಾದದ್ದು ಕಲಿಯುವವರ ಪ್ರಯೋಗ. ನಮ್ಮಲ್ಲಿ ಸಂಗೀತ ಕಲಿಯುವವರು ಕಛೇರಿಗೆ ತಯಾರಾಗುತ್ತಾರೆ, ನಾಟಕ ಕಲಿಯುವವರು ರಂಗಕ್ಕೆ, ಸಾಹಿತ್ಯ ಕಲಿಯುವವರು ಪರೀಕ್ಷೆಗೆ. ಗೀತನಾಟಕಕ್ಕೆ ಈ ಮೂವರೂ ಒಂದೇ ಕೋಣೆಯಲ್ಲಿ ಬೇಕು. ಹಿಂದೆ ವೃತ್ತಿ ಕಂಪನಿಗಳಲ್ಲಿ ಅಂಥ ಕೋಣೆ ಇತ್ತು. ಗುಬ್ಬಿ ಕಂಪನಿಗೆ ಹುಡುಗನಾಗಿ ಸೇರಿದವನು ಹಾಡನ್ನೂ ಮಾತನ್ನೂ ಒಟ್ಟಿಗೆ ಕಲಿಯುತ್ತಿದ್ದ, ತಪ್ಪಿದರೆ ಜನರ ಎದುರೇ ತಪ್ಪುತ್ತಿದ್ದ. ಬಿ.ವಿ. ಕಾರಂತರೂ ಅಲ್ಲಿಂದ ಬಂದವರೇ ಎಂಬುದು ಆಕಸ್ಮಿಕವಲ್ಲ.

ಅಮೆರಿಕದ ಹಾಗೆ ನಮ್ಮಲ್ಲೂ ದೊಡ್ಡ ಸಭಾಂಗಣ ಬೇಕು, ಎರಡೆರಡು ತಂಡ ಬೇಕು ಎಂಬ ಪಟ್ಟಿ ಇದಲ್ಲ. ಆ ಸಭಾಂಗಣಗಳ ಹಿಂದೆ ಇರುವ ಹಣದ ಲೆಕ್ಕ ಬೇರೆ, ಅಲ್ಲಿ ಕಲಿಯುವವರ ಸಾಲದ ಲೆಕ್ಕ ಇನ್ನೂ ಬೇರೆ. ಆದರೆ ಒಂದು ಹಾರ್ಮೋನಿಯಂ, ಒಂದು ತಬಲ, ಕಾಲೇಜಿನ ಒಂದು ಕೋಣೆ, ಹಾಡಬಲ್ಲ ನಾಲ್ಕು ಜನ ಇದ್ದರೆ ‘ಗೋಕುಲ ನಿರ್ಗಮನ’ದ ಕೊನೆಯ ಕೆಲವು ಹಾಡುಗಳನ್ನು ಎರಡು ರೀತಿಯಲ್ಲಿ ಹಾಡಿ ನೋಡಬಹುದು. ಶ್ರುತಿ ತಪ್ಪಲಿ, ಉಸಿರು ಸಾಲದಿರಲಿ. ತಪ್ಪಿದ ಕಡೆಯೇ ಬೆಸುಗೆ ಕಾಣುತ್ತದೆ.

ಅಧ್ಯಾಯವನ್ನು ಮಾರ್ಗದರ್ಶಕರಿಗೆ ಮತ್ತೆ ಕಳಿಸಿದ್ದೇನೆ. ಕೊನೆಯ ಪ್ಯಾರಾ ತೆಗೆದುಹಾಕಿದೆ. ಅದರ ಜಾಗದಲ್ಲಿ, ಈ ಕೃತಿಯ ಬಗ್ಗೆ ಇಲ್ಲಿ ಹೇಳಿರುವುದು ಅದರ ಒಂದು ಪಾಲಿನ ಬಗ್ಗೆ ಮಾತ್ರ, ಉಳಿದ ಪಾಲುಗಳನ್ನು ಕೇಳಿದ ಮೇಲೆ ಇದು ಬದಲಾಗಬಹುದು ಎಂದು ಬರೆದೆ. ಪ್ರಬಂಧದಲ್ಲಿ ಹೀಗೆ ಬರೆಯುವಂತಿಲ್ಲ, ತೀರ್ಮಾನ ಬೇಕು ಎಂದು ಅವರು ಅಂಚಿನಲ್ಲಿ ಟಿಪ್ಪಣಿ ಹಾಕಿದ್ದಾರೆ. ಈ ಬೇಸಿಗೆಗೆ ಊರಿಗೆ ಬರುತ್ತಿದ್ದೇನೆ. ಹೆಗ್ಗೋಡಿನ ಕಡೆಯ ಇಬ್ಬರು ಗೆಳತಿಯರಿಗೆ ಈಗಾಗಲೇ ಹೇಳಿಟ್ಟಿದ್ದೇನೆ. ಒಬ್ಬಳು ಹಿಂದುಸ್ತಾನಿ ಕಲಿತವಳು, ಇನ್ನೊಬ್ಬಳು ಭಾಗವತಿಕೆ ಕಲಿಯುತ್ತಿದ್ದಾಳೆ. ಒಂದೇ ಹಾಡನ್ನು ಇಬ್ಬರಿಗೂ ಕಳಿಸಿದ್ದೇನೆ. ಒಬ್ಬರು ಹೇಗೆ ಹಾಡುತ್ತಾರೆಂದು ಇನ್ನೊಬ್ಬರಿಗೆ ಹೇಳಬಾರದು ಎಂಬುದೊಂದೇ ಕರಾರು.